ಕೋಡಿ ಒಡೆಯುವ ಮೊದಲು

ಕಲ್ಲುಕೆರೆ ಎಸ್ಟೇಟಿಗೆ ಹೆಂಗಸೊಬ್ಬಳು ರೈಟರ್ ಆಗಿ ಬಂದಾಗ ವಸ್ತಾರೆ ಕಡೆಯ ಜನ ಒಂದು ವರ್ಷ ಅದನ್ನೇ ಮಾತಾಡಿಕೊಂಡರು. ಹಾಜರಿ ಹಾಕುವುದು, ಆಳುಗಳಿಗೆ ಕೆಲಸ ಹಂಚುವುದು, ಮೇಸ್ತ್ರಿಯ ಹಿಂದೆ ಗುಡ್ಡ ಹತ್ತಿ ಇಳಿಯುವುದು ಗಂಡಸರ ಬಾಬತ್ತು ಎಂದೇ ಎಲ್ಲರೂ ತಿಳಿದಿದ್ದರು. ಬಂದವಳು ಗಾನಶ್ರೀ. ದೇವರಮನೆ ಎಂಬ ಊರಿನ ಕಡೆಯ ಪುರೋಹಿತರೊಬ್ಬರ ಮಗಳು, ಚಿಕ್ಕಮಗಳೂರಿನಲ್ಲಿ ಬಿ.ಕಾಂ. ಮುಗಿಸಿದ್ದಳು. ಎರಡನೇ ವರ್ಷಕ್ಕೆ ಜನರ ಮಾತು ನಿಂತಿತು. ಮೂರನೇ ವರ್ಷಕ್ಕೆ ಕೆಲಸದವರ ಮನೆಸಾಲಿನ, ಅಂದರೆ ಲೈನಿನ, ಹೆಂಗಸರು ಅವಳನ್ನು "ನಮ್ಮ ರೈಟ್ರಮ್ಮ" ಎನ್ನತೊಡಗಿದರು. ಅವಳ ಒಂದು ಗುಣ ಅವರಿಗೆ ಹಿಡಿಸಿತ್ತು. ಯಾರ ಮೇಲೆ ದೂರು ಬಂದರೂ ಅವಳು ಅವರ ಮನೆ ಬಾಗಿಲಿಗೇ ಹೋಗಿ, "ನಿಮ್ಮ ಮೇಲೆ ಹೀಗಂತ ಹೇಳ್ತಿದ್ದಾರೆ, ನೀವೇನು ಹೇಳ್ತೀರಿ?" ಎಂದು ಕೇಳುವಳು. ಕೇಳಿದ ಮೇಲೆಯೇ ಪುಸ್ತಕದಲ್ಲಿ ಬರೆಯುವಳು.

ಈಗ ಹೇಳಹೊರಟಿರುವುದು ಅವಳ ಐದನೇ ವರ್ಷದ ಆಶ್ಲೇಷ ಮಳೆಯಲ್ಲಿ ನಡೆದದ್ದು.

ಎಸ್ಟೇಟಿನ ಕೆರೆ ಇರುವುದು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, ಎತ್ತರದಲ್ಲಿ. ಬೇಸಿಗೆಯಲ್ಲಿ ಕಾಫಿ ಹೂವಿಗೆ ನೀರು ಹಾರಿಸುವುದು ಅದರಿಂದಲೇ. ಪೂರ್ವಕ್ಕೆ ಮಣ್ಣಿನ ಏರಿ. ಏರಿಯ ಕೆಳಗೆ, ಕಣಿವೆಯಲ್ಲಿ, ಕೆಲಸದವರ ಲೈನು. ಹದಿನಾಲ್ಕು ಮನೆ. ಪಶ್ಚಿಮಕ್ಕೆ ಕೋಡಿ. ಹಿಂದೆಲ್ಲ ಕೆರೆ ತುಂಬಿದರೆ ನೀರು ಕೋಡಿ ಹಾಯ್ದು ಪಕ್ಕದ ಗುಲಾಮ್ ಮುಸ್ತಫಾ ಅವರ ಮೂರೆಕರೆ ತೋಟಕ್ಕೆ ನುಗ್ಗುತ್ತಿತ್ತು. ಪ್ರತಿ ಮಳೆಗಾಲಕ್ಕೂ ಜಗಳ. ಇಪ್ಪತ್ತು ವರ್ಷದ ಕೆಳಗೆ ಆಗಿನ ಸಾಹುಕಾರರು ಅದಕ್ಕೊಂದು ಕೊನೆ ಕಾಣಿಸಿದರು. ಕೋಡಿಗೆ ಎದೆಮಟ್ಟದ ಕಲ್ಲುಗೋಡೆ ಕಟ್ಟಿಸಿ, ಹೆಚ್ಚಾದ ನೀರು ಲೈನಿನ ಕಡೆಯ ಹಳ್ಳಕ್ಕೆ ಹೋಗುವಂತೆ ಏರಿಯೊಳಗೊಂದು ಪೈಪು ಹಾಕಿಸಿದರು. "ಇನ್ನು ಮುಂದೆ ನಮ್ಮ ಕೆರೆಯ ನೀರು ನಿಮ್ಮ ತೋಟಕ್ಕೆ ಬಿಡುವುದಿಲ್ಲ" ಎಂದು ಕಾಗದದಲ್ಲಿ ಬರೆದು ಸಹಿ ಮಾಡಿಕೊಟ್ಟರು. ಮುಸ್ತಫಾ ಸಾಹೇಬರು ಆ ಕಾಗದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು.

ಸಾಹೇಬರು ತೀರಿಕೊಂಡು ಐದು ವರ್ಷವಾಗಿತ್ತು. ಅವರ ಹೆಂಡತಿ ಹಮೀದುನ್ನೀಸಾ ಮೂಲೆ ಹಿಡಿದು ಕೂರುವವರಲ್ಲ. ತೋಟದ ಕೆಳಭಾಗದಲ್ಲಿ ನೆರಳು ಬಲೆ ಕಟ್ಟಿಸಿ ನರ್ಸರಿ ಮಾಡಿದರು. ಕಾಫಿ ಸಸಿ, ಬೇರು ಬಿಟ್ಟ ಮೆಣಸಿನ ಬಳ್ಳಿ. ಈಗ ಆಲ್ದೂರಿನಿಂದಲೂ ಜನ "ಹಮೀದಮ್ಮನ ಸಸಿ" ಕೇಳಿಕೊಂಡು ಬರುತ್ತಾರೆ. ಆ ವರ್ಷ ಆರು ಸಾವಿರ ಕಾಫಿ ಸಸಿಗಳು ಚೀಲದಲ್ಲಿ ಎದ್ದು ನಿಂತಿದ್ದವು. ಮಳೆ ಸ್ವಲ್ಪ ಹೊಳವಾಗಿ ಬಿಡುವು ಕೊಡಲಿ, ಬಂದು ಒಯ್ಯುತ್ತೇವೆ ಎಂದು ಗಿರಾಕಿಗಳು ಹೇಳಿದ್ದರು. ಮಳೆ ಹೊಳವಾಗಲಿಲ್ಲ.

ಆಶ್ಲೇಷದ ನಾಲ್ಕನೇ ದಿನ. ಕರೆಂಟು ಹೋಗಿ ಮೂರು ದಿನ, ಫೋನು ಸತ್ತು ಎರಡು ದಿನ. ಬೆಳಗಿನ ಜಾವ ಲೈನಿನ ಹಿಂದಿನ ಧರೆ ಕುಸಿದು ಕೊನೆಯ ಮನೆಯ ಅಡುಗೆಕೋಣೆಯ ಗೋಡೆ ಕೆಡವಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಗುಡ್ಡದ ಕಡೆಯಿಂದ ಹತ್ತಿ ಬರುವ ದಾರಿ ಮುಚ್ಚಿಹೋಯಿತು. ಮುಂದುಗಡೆ ಹಳ್ಳ ಉಕ್ಕಿ ಕಾಲುಸಂಕ ಕಾಣದಾಗಿತ್ತು. ಹದಿನಾಲ್ಕು ಮನೆಯ ಐವತ್ತಮೂರು ಜನ ನಡುವೆ ಸಿಕ್ಕಿಬಿದ್ದರು.

ಗಾನಶ್ರೀ ಹಳ್ಳದ ಈಚೆ ದಡಕ್ಕೆ ಬಂದಾಗ ಒಂಬತ್ತು ಗಂಟೆ. ಜೊತೆಗೆ ಮೇಸ್ತ್ರಿ ದಿಲೀಪ್ ಮತ್ತು ಕಾಫಿ ಕಣದ ಪಕ್ಕದ ಮನೆಗಳ ಆರು ಜನ. ಹಗ್ಗ ಕಟ್ಟಿಕೊಂಡು ದಾಟಲು ನೋಡಿದವನೊಬ್ಬ ಸೊಂಟದ ನೀರಿಗೇ ಕಾಲು ತಪ್ಪಿದ, ಅವನನ್ನು ಎಳೆದುಕೊಳ್ಳುವಷ್ಟರಲ್ಲಿ ಉಳಿದವರಿಗೆ ಸಾಕುಸಾಕಾಯಿತು. ಆಚೆ ದಡದಲ್ಲಿ ನಿಂತು ರಾಮಮ್ಮ ಕೂಗುತ್ತಿದ್ದಳು. ಲೈನಿನಲ್ಲಿ ಎಲ್ಲರಿಗಿಂತ ಹಿರಿಯ ಆಳು ಅವಳು.

"ಬಾಣಂತಿ ಇದ್ದಾಳೆ ರೈಟ್ರಮ್ಮಾ! ಎಂಟು ದಿನದ ಕೂಸು! ನೀರು ದಾಟ್ಸೋಕಾಗಲ್ಲ!"

"ಯಾರೂ ನೀರಿಗೆ ಇಳೀಬೇಡಿ! ಎಲ್ರೂ ಮೇಲಿನ ಮನೇಲಿ ಸೇರ್ಕೊಳ್ಳಿ!" ಎಂದು ಗಾನಶ್ರೀ ಕೂಗಿ ಹೇಳಿದಳು. ಅಲ್ಲಿಂದ ಎಲ್ಲರೂ ಏರಿಯನ್ನು ನೋಡಲು ಹೋದರು.

ಹಳ್ಳದ ಈಚೆ ಬದಿಗೆ, ಏರಿಯ ಬುಡದಲ್ಲಿ ಹುಲ್ಲಿನ ನಡುವೆ ಒಂದು ಕಡೆ ನೀರು ಜಿನುಗುತ್ತಿತ್ತು. ಬೆರಳು ತೂರುವಷ್ಟು ತೂತು. ದಿಲೀಪ್ ಬೊಗಸೆಯೊಡ್ಡಿ ಹಿಡಿದು ಗಾನಶ್ರೀಗೆ ತೋರಿಸಿದ. ನೀರು ಕೆಂಪಗಿತ್ತು.

"ತಿಳಿನೀರು ಬಂದಿದ್ರೆ ಹೆದರಿಕೆ ಇಲ್ಲ ಮೇಡಂ. ಬಣ್ಣ ಬಂತು ಅಂದ್ರೆ ಒಳಗಿಂದ ಮಣ್ಣು ತಿಂತಾ ಇದೆ ಅಂತ. ನಮ್ಮಪ್ಪ ಹೇಳ್ತಿದ್ರು. ಸಂಜೆ ತನಕ ತಡೆಯಲ್ಲ ಇದು."

"ಪೈಪು?"

"ನಿನ್ನೆಯಿಂದ ಕೋಲು ಹಾಕ್ತಾ ಇದೀವಿ. ಮರದ ಬೇರು ಸಿಕ್ಕಾಕೊಂಡು ಕಟ್ಟಿದೆ. ಕೋಡಿ ಗೋಡೆ ಒಡೀಬೇಕು. ಬೇರೆ ದಾರಿ ಇಲ್ಲ."

ಹೇಳಿದವನೇ ಕಣದ ಶೆಡ್ಡಿನಿಂದ ಸಮ್ಮಟಿಗೆ, ಹಾರೆ ತರಲು ಇಬ್ಬರನ್ನು ಅಟ್ಟಿದ. ಹಿಂದಿನ ಸಾಹುಕಾರರ ಮಗ, ಈಗಿನ ಸಾಹುಕಾರ ಓಂಕಾರಮೂರ್ತಿಯವರು ಹೆಂಡತಿಯ ಆಪರೇಷನ್ನಿಗೆಂದು ಚಿಕ್ಕಮಗಳೂರಿನಲ್ಲಿದ್ದರು. ರಸ್ತೆಗೆ ಮರ ಬಿದ್ದು ಎರಡು ದಿನದಿಂದ ಅಲ್ಲಿಗೂ ಇಲ್ಲಿಗೂ ಸಂಪರ್ಕವಿಲ್ಲ. ತೀರ್ಮಾನ ಗಾನಶ್ರೀಯ ತಲೆಗೇ ಬಂತು.

"ಹಮೀದಮ್ಮನ ಹತ್ರ ಹೋಗ್ಬೇಕು," ಎಂದಳು ಅವಳು.

"ಒಬ್ಬನ್ನ ಓಡಿಸೋಣ. ಮನೆ ಬಿಟ್ಟು ಹೊರಗೆ ಬನ್ನಿ ಅಂತ ಹೇಳಿ ಬರ್ತಾನೆ."

"ಹೇಳಿದ್ರೆ ಸಾಲದು ದಿಲೀಪಣ್ಣ. ಕೇಳ್ಬೇಕು. ನಾನೇ ಹೋಗ್ತೀನಿ."

ದಿಲೀಪ್‌ಗೆ ಸಿಟ್ಟು ಬಂತು. ಅವನ ತಂಗಿಯ ಮನೆಯೂ ಲೈನಿನಲ್ಲೇ ಇತ್ತು. "ಕೇಳೋದು ಅಂದ್ರೆ ಏನ್ ಮೇಡಂ? ಅವ್ರು ಬೇಡ ಅಂದ್ರೆ ಬಿಟ್ಟುಬಿಡ್ತೀರಾ? ಹೋಗೋಕೆ ಕಾಲು ಗಂಟೆ, ಬರೋಕೆ ಕಾಲು ಗಂಟೆ. ಈ ಕೆಂಪುನೀರು ಕಾಯುತ್ತಾ?"

ಅವನ ಮಾತಿನಲ್ಲಿ ಸುಳ್ಳು ಇರಲಿಲ್ಲ. ಐವತ್ತಮೂರು ಜೀವ ಒಂದು ಕಡೆ, ಇನ್ನೊಬ್ಬರ ಬೆವರು ಒಂದು ಕಡೆ. ಯಾವುದು ದೊಡ್ಡದೆಂದು ಹೇಳಲು ಶಾಲೆಗೆ ಹೋಗಬೇಕಿಲ್ಲ. ಆದರೆ ಕೊಟ್ಟ ಮಾತೊಂದು ಆ ಗೋಡೆಯಲ್ಲಿ ಕಲ್ಲಿನಷ್ಟೇ ಗಟ್ಟಿಯಾಗಿ ಕೂತಿತ್ತು. ಆ ಮಾತನ್ನು ನಂಬಿ ಒಬ್ಬ ಹೆಂಗಸು ತಗ್ಗಿನಲ್ಲಿ ನರ್ಸರಿ ಮಾಡಿದ್ದಳು. ಅವಳಿಗೆ ಗೊತ್ತಿಲ್ಲದಂತೆ ಮೇಲಿಂದ ನೀರು ಬಿಡುವುದು ಗಾನಶ್ರೀಗೆ ಒಗ್ಗಲಿಲ್ಲ. ಅವಳು ದಿಲೀಪ್‌ಗೆ ಹೀಗೆ ಹೇಳಿದಳು:

"ನೀವು ಎಲ್ಲಾ ತಯಾರು ಮಾಡಿ. ಗೋಡೆ ಮೇಲಿನ ಕಾಡು ಸವರಿ, ಹಾರೆ ಹಿಡ್ಕೊಂಡು ನಿಂತಿರಿ. ಇಲ್ಲಿ ಒಬ್ಬನ್ನ ಕೂರ್ಸಿ. ಈ ತೂತು ಮುಷ್ಟಿಯಷ್ಟಾದ್ರೆ ನನ್ನ ಕಾಯ್ಬೇಡಿ. ಜೋರಾಗಿ ಸೀಟಿ ಊದಿ. ಹತ್ತು ನಿಮಿಷ ಬಿಟ್ಟು ಒಡೀರಿ. ಅಷ್ಟರಲ್ಲಿ ನಾನು ಅವರನ್ನ ಎಳ್ಕೊಂಡಾದ್ರೂ ಹೊರಗೆ ಬಂದಿರ್ತೀನಿ. ಅಲ್ಲಿವರೆಗೆ ಒಂದು ಕಲ್ಲೂ ಕದಲಿಸ್ಬೇಡಿ."

ಉತ್ತರಕ್ಕೆ ಕಾಯದೆ ಅವಳು ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಇಳಿದು ಓಡಿದಳು. ಎರಡು ಸಲ ಜಾರಿ ಬಿದ್ದಳು. ದಾರಿಯುದ್ದಕ್ಕೂ ಹೇಗೆ ಕೇಳಲಿ ಎಂದು ಮಾತು ಜೋಡಿಸಿಕೊಳ್ಳುತ್ತಿದ್ದಳು. ಬೇಲಿ ದಾಟುವಾಗ ಜೋಡಿಸಿದ್ದೆಲ್ಲ ಮರೆತುಹೋಯಿತು.

ಹಮೀದಮ್ಮ ತಲೆಗೆ ಗೊಬ್ಬರದ ಪ್ಲಾಸ್ಟಿಕ್ ಚೀಲದ ಕೊಪ್ಪೆ ಹಾಕಿಕೊಂಡು ನರ್ಸರಿಯ ಸಾಲುಗಳ ನಡುವೆ ಗುದ್ದಲಿಯಿಂದ ಕಾಲುವೆ ಬಿಡಿಸುತ್ತಿದ್ದರು. ಅರವತ್ತಮೂರು ವರ್ಷ, ಗಟ್ಟಿ ಜೀವ. ಮೊಮ್ಮಗಳು ಇರಮ್ ದನದ ಕೊಟ್ಟಿಗೆಯಲ್ಲಿದ್ದಳು. ಮಗ ಉಬೈದ್ ಲಾರಿ ಇಟ್ಟಿದ್ದ. ಅವನೂ ಹೆಂಡತಿಯೂ ಚಿಕ್ಕಮಗಳೂರಿಗೆ ಹೋದವರು ರಸ್ತೆ ಕಟ್ಟಿ ಅಲ್ಲೇ ಉಳಿದಿದ್ದರು.

"ಏನ್ ಮಗಾ, ಈ ಮಳೇಲಿ?" ಎಂದರು ಹಮೀದಮ್ಮ.

ಗಾನಶ್ರೀ ಏದುಸಿರಿನಲ್ಲೇ ಹೇಳಿದಳು. "ಕೆರೆ ಏರಿ ಒಳಗಿಂದ ಕೊರೀತಾ ಇದೆ ಅಮ್ಮ. ಲೈನಲ್ಲಿ ಐವತ್ತಮೂರು ಜನ ಸಿಕ್ಕಾಕೊಂಡಿದ್ದಾರೆ, ಹೊರಗೆ ಬರೋಕೆ ದಾರಿ ಇಲ್ಲ. ಕೋಡಿ ಗೋಡೆ ಒಡೆದ್ರೆ ಏರಿ ಉಳಿಯುತ್ತೆ. ಆದ್ರೆ ನೀರೆಲ್ಲ ನಿಮ್ಮ ತೋಟಕ್ಕೆ ಬರುತ್ತೆ. ನರ್ಸರಿ ಉಳಿಯಲ್ಲ. ಮನೆ ಉಳಿಯುತ್ತೋ ಇಲ್ವೋ ಗೊತ್ತಿಲ್ಲ. ನಿಮ್ಮನ್ನ ಕೇಳೋಕೆ ಬಂದೆ."

ಹಮೀದಮ್ಮ ಗುದ್ದಲಿಯನ್ನು ನೆಲಕ್ಕೆ ಊರಿ ನಿಂತರು. "ಸಾಹುಕಾರ್ರು ಏನಂದ್ರು?"

"ಅವ್ರು ಸಿಗ್ತಿಲ್ಲ. ತೀರ್ಮಾನ ನಂದೇ."

"ನಾನು ಬೇಡ ಅಂದ್ರೆ?"

'ನೀವು ಬೇಡ ಅಂದ್ರೆ ಮುಟ್ಟಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂದು ಗಾನಶ್ರೀ ಆಮೇಲೆ ಒಪ್ಪಿಕೊಂಡಿದ್ದಾಳೆ. ಹೇಳಿದ್ದರೆ ಹಮೀದಮ್ಮ ಹೂಂ ಅನ್ನುವುದು ಸುಲಭವಾಗುತ್ತಿತ್ತು. ಆದರೆ ಅದು ಸುಳ್ಳು.

"ಬೇಡ ಅಂದ್ರೂ ಒಡೀತೀನಿ ಅಮ್ಮ," ಎಂದಳು. "ನೀವು, ಇರಮ್, ದನ ಎಲ್ಲಾ ಹೊರಗೆ ಬಂದ್ಮೇಲೆ ಒಡೀತೀನಿ. ಹಮೀದಮ್ಮ ಬೇಡ ಅಂದಿದ್ರು, ನಾನೇ ಒಡೆಸಿದೆ ಅಂತ ಊರ ಎದುರಿಗೆ ಹೇಳ್ತೀನಿ."

"ಹಂಗಿದ್ರೆ ಕೇಳೋದ್ಯಾಕೆ?"

"ತೋಟ ನಿಮ್ದು. ಮಾತು ಕೊಟ್ಟಿದ್ದು ನಿಮಗೆ. ಅದಕ್ಕೇ."

ಮಳೆ ನೆರಳು ಬಲೆಯ ಮೇಲೆ ಬಡಿಯುತ್ತಿತ್ತು. ಹಮೀದಮ್ಮ ಸಸಿಗಳ ಸಾಲನ್ನು ಈ ತುದಿಯಿಂದ ಆ ತುದಿವರೆಗೆ ಒಮ್ಮೆ ನೋಡಿದರು. ಪ್ರತಿ ಚೀಲಕ್ಕೂ ಅವರೇ ಮಣ್ಣು ತುಂಬಿದ್ದರು, ಅವರೇ ಬೀಜದ ಮೊಳಕೆ ನೆಟ್ಟಿದ್ದರು.

"ಅಲ್ಲಿ ಮಕ್ಕಳೆಷ್ಟು?"

"ಹನ್ನೊಂದು. ಒಂದಕ್ಕೆ ಎಂಟು ದಿನ."

ಅವರು ಗುದ್ದಲಿ ಬಿಟ್ಟು ಸರಸರನೆ ಮನೆಯೊಳಗೆ ಹೋದರು. ಇರಮ್‌ಳನ್ನು ಕೂಗಿ, ದನ ಬಿಚ್ಚಿಕೊಂಡು ಮೇಲಿನ ರಸ್ತೆಗೆ ಹೊಡೆದುಕೊಂಡು ಹೋಗಲು ಹೇಳಿದರು. ಹೊರಗೆ ಬಂದಾಗ ಕೈಯಲ್ಲಿ ಗೋಡೆಯ ಮೇಲಿದ್ದ ಆ ಕಟ್ಟು ಹಾಕಿಸಿದ ಕಾಗದ ಇತ್ತು. ಅದನ್ನು ಸೆರಗಿನಲ್ಲಿ ಒರೆಸಿ ಗಾನಶ್ರೀಯ ಕೈಗೆ ಕೊಟ್ಟರು.

"ತಗೋ. ನಿಮ್ಮ ಮಾತು ನಿಮಗೆ ವಾಪಸ್. ಇನ್ನು ನೀನು ಒಡೆದ್ರೆ ಮಾತು ಮುರಿದ ಹಾಗಲ್ಲ. ನಡಿ, ನಾನೂ ಬರ್ತೀನಿ. ಎಲ್ಲಿ ಒಡೀಬೇಕು ಅಂತ ನಿಮ್ಮ ಮೇಸ್ತ್ರಿಗೆ ಗೊತ್ತಿರಲ್ಲ."

"ನೀವು ರಸ್ತೆಗೆ ಹೋಗಿ ಅಮ್ಮ, ಹತ್ತೋಕಾಗಲ್ಲ."

"ಈ ಗುಡ್ಡ ನಿನಗಿಂತ ಮೊದ್ಲು ಹತ್ತಿದೀನಿ ನಾನು. ನಡಿ."

ಅವರು ಮೇಲೆ ಬಂದಾಗ ಏರಿಯ ತೂತು ಎರಡು ಬೆರಳಿನಷ್ಟಾಗಿತ್ತು. ದಿಲೀಪ್ ಮುಖ ಗಂಟಿಕ್ಕಿಕೊಂಡು ಗೋಡೆಯ ನಡುಮಧ್ಯಕ್ಕೆ ಹಾರೆ ಹಚ್ಚಿ ನಿಂತಿದ್ದ. ಹಮೀದಮ್ಮನನ್ನು ಕಂಡು ಹಾರೆ ಕೆಳಗಿಳಿಸಿದ.

ಹಮೀದಮ್ಮ ಗೋಡೆಯ ಬಳಿಗೆ ಹೋಗುವ ಮೊದಲು ತಿರುಗಿ ಪೂರ್ವಕ್ಕೆ ನೋಡಿದರು. ಈ ಗುಡ್ಡ ಎಷ್ಟೋ ಸಲ ಹತ್ತಿದ್ದರೂ ಅವರು ಲೈನಿನ ಕಡೆ ಒಮ್ಮೆಯೂ ನಿಂತು ನೋಡಿರಲಿಲ್ಲ. ಹೆಂಚಿನ ಸಾಲು, ಒಂದು ಮನೆಯಿಂದ ಹೊಗೆ, ಜಗಲಿಯಲ್ಲಿ ಗುಂಪುಗೂಡಿ ನಿಂತು ಮೇಲಕ್ಕೇ ನೋಡುತ್ತಿದ್ದ ಜನ. ಯಾರೋ ಕೈ ಬೀಸಿದರು.

"ನಡುಮಧ್ಯ ಒಡೀಬೇಡಿ," ಎಂದರು ಹಮೀದಮ್ಮ. "ಅಲ್ಲಿ ಕೆಳಗೆ ಬರೀ ಮಣ್ಣು. ನೀರು ಕೊರ್ಕೊಂಡು ಗೋಡೆ ಸಮೇತ ಒಂದೇ ಸಲ ಹೋಗುತ್ತೆ. ಬಲಗಡೆ ತುದೀಲಿ ಬಂಡೆ ಇದೆ. ಗೋಡೆ ಕಟ್ಟೋ ಮೊದ್ಲು ಹಳ್ಳ ಹರೀತಿದ್ದಿದ್ದು ಅಲ್ಲೇ. ಅಲ್ಲಿಂದ ಮೇಲಿನ ಎರಡು ಸಾಲು ಕಲ್ಲು ಮೊದ್ಲು ತೆಗೀರಿ. ನೀರು ಹಳೇ ದಾರಿ ಹಿಡಿದ್ರೆ ಇನ್ನೆರಡು ಸಾಲು."

ದಿಲೀಪ್ ಗಾನಶ್ರೀಯ ಮುಖ ನೋಡಿದ. ಅವಳು ತಲೆಯಾಡಿಸಿದಳು.

ಮೊದಲ ಕಲ್ಲು ಹೊರಬೀಳಲು ಹತ್ತು ನಿಮಿಷ ಹಿಡಿಯಿತು. ಆಮೇಲಿನವು ಬೇಗ ಬೇಗ ಬಂದವು. ನೀರು ಮೊದಲು ನಾಚಿಕೊಂಡ ಹಾಗೆ ಬಂಡೆಯ ಮೇಲೆ ತೆಳ್ಳಗೆ ಹರಡಿ, ತಗ್ಗು ಹುಡುಕಿ, ಮರುಕ್ಷಣ ಮೊರೆಯುತ್ತ ಇಳಿಯಿತು. ಹಳೆಯ ಹಳ್ಳದ ಜಾಡಿನಲ್ಲಿ ಬೆಳೆದಿದ್ದ ಕಾಫಿ ಗಿಡಗಳು ಒಂದೊಂದಾಗಿ ಅಲುಗಾಡಿ ಮಲಗಿದವು. ಹಾಲುವಾಣದ ಮರವೊಂದು ಮೆಣಸಿನ ಬಳ್ಳಿಯ ಸಮೇತ ಉರುಳಿತು. ಕೆಳಗೆ ನರ್ಸರಿಯ ಬಲೆ ಗಾಳಿಪಟದ ಹಾಗೆ ಮೇಲೆದ್ದು ಕಾಣದಾಯಿತು. ಮನೆ ಮಾತ್ರ ಹಳ್ಳದ ಜಾಡಿನಿಂದ ಇಪ್ಪತ್ತು ಮಾರು ಆಚೆಗಿತ್ತು. ನೀರು ಅದರ ಮೆಟ್ಟಿಲಿನವರೆಗೆ ಬಂದು ಅಲ್ಲೇ ತಿರುಗಿಕೊಂಡಿತು.

ಹಮೀದಮ್ಮ ಒಂದು ಕಲ್ಲಿನ ಮೇಲೆ ಕೂತು ಎಲ್ಲವನ್ನೂ ನೋಡಿದರು. ಅಳಲಿಲ್ಲ. ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿಕೊಂಡರು. ಗಾನಶ್ರೀ ಅವರ ಪಕ್ಕದಲ್ಲಿ ನಿಂತಿದ್ದಳು, ಕಟ್ಟು ಹಾಕಿಸಿದ ಕಾಗದವನ್ನು ಎದೆಗೆ ಒತ್ತಿಕೊಂಡು.

ಮೂರು ಗಂಟೆಯ ಹೊತ್ತಿಗೆ ಕೆರೆ ಸೊಂಟದೆತ್ತರ ಇಳಿಯಿತು. ಏರಿಯ ಬುಡದ ನೀರು ಕಡಿಮೆಯಾಗುತ್ತ ಬಂದು ಸಂಜೆಗೆ ತಿಳಿಯಾಯಿತು. ಮರುದಿನ ಹಳ್ಳ ತಗ್ಗಿದಾಗ ಹಗ್ಗ ಹಿಡಿದು ಲೈನಿನವರನ್ನೆಲ್ಲ ಈಚೆಗೆ ದಾಟಿಸಿದರು. ಬಾಣಂತಿಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ತಂದರು. ಅದರ ಮಾರನೆಯ ದಿನ, ಯಾರೂ ನೋಡದಿದ್ದಾಗ, ಏರಿಯ ಹೊರಮೈ ಐದು ಮಾರು ಅಗಲಕ್ಕೆ ಕಳಚಿ ಬಿತ್ತು. ಕೆರೆ ತುಂಬಿದ್ದಿದ್ದರೆ ಏನಾಗುತ್ತಿತ್ತೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ರಸ್ತೆ ತೆರೆದ ದಿನ ಉಬೈದ್ ಬಂದ. ತೋಟದಲ್ಲಿ ಮೊಣಕಾಲುದ್ದ ಕಲ್ಲು, ಮರಳು. ನರ್ಸರಿ ಇದ್ದ ಜಾಗದಲ್ಲಿ ಮುರಿದ ಗೂಟಗಳು. ಗಾನಶ್ರೀ ಅಲ್ಲೇ ಇದ್ದಳು. ಮೂರು ದಿನದಿಂದ ಬೆಳಿಗ್ಗೆ ಸಂಜೆ ಬರುತ್ತಿದ್ದಳು. ಅವನು ಜಗಲಿಯ ಮೇಲೆ ಅವಳ ಎದುರಿಗೆ ನಿಂತು ಕೇಳಿದ:

"ಅಮ್ಮಿಯ ಒಪ್ಪಿಗೆ ತಗೊಂಡು ಒಡೆಸಿದ್ರಂತೆ?"

"ಹೌದು ಉಬೈದಣ್ಣ."

"ಐವತ್ತು ಜನರ ಜೀವ ಮುದುಕಿ ತಲೆ ಮೇಲಿಟ್ಟು 'ಕೊಡ್ತೀರಾ' ಅಂದ್ರೆ ಅದು ಕೇಳಿದ ಹಾಗಾ? ಯಾರು ತಾನೆ ಇಲ್ಲ ಅಂತಾರೆ? ಅವಳು ಒಬ್ಬಳೇ ಇದ್ಲು. ನಾನಿರಲಿಲ್ಲ. ನೀವು ಕೇಳಿದ್ದು ಅವಳಿಗೋಸ್ಕರ ಅಲ್ಲ, ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕೆ."

ಅತ್ತ ದಿಲೀಪ್, ಕೇಳಿದ್ದೇ ತಪ್ಪು, ಅರ್ಧ ಗಂಟೆಯಲ್ಲಿ ಏರಿ ಹೋಗಿದ್ದರೆ ಏನು ಗತಿಯಾಗುತ್ತಿತ್ತು ಎಂದು ಲೈನಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಇತ್ತ ಇವನು, ಕೇಳಿದ್ದು ಕೇಳಿದ ಹಾಗೇ ಅಲ್ಲ ಎನ್ನುತ್ತಿದ್ದ. ಗಾನಶ್ರೀ ಇಬ್ಬರೊಂದಿಗೂ ವಾದಕ್ಕೆ ಇಳಿಯಲಿಲ್ಲ.

"ನೀವು ಹೇಳೋದ್ರಲ್ಲಿ ನಿಜ ಇದೆ ಉಬೈದಣ್ಣ," ಎಂದಳು. "ನಂಗೂ ಅದೇ ಯೋಚನೆ. ರಾತ್ರಿ ನಿದ್ದೆ ಬರ್ತಿಲ್ಲ."

ಒಳಗಿನಿಂದ ಚಹಾದ ಲೋಟ ಹಿಡಿದು ಬಂದ ಹಮೀದಮ್ಮ ಮಗನಿಗೆ ಹೇಳಿದರು: "ಸುಮ್ನಿರು ಮಾರಾಯ. ಇವಳು ಕೇಳದೆ ಒಡೆದಿದ್ರೆ ನನ್ನ ತೋಟ ಹೋಗ್ತಿತ್ತು, ಅಷ್ಟೆ. ಕೇಳಿದ್ಲು. ಅದಕ್ಕೆ ನಾನು ಕೊಟ್ಟೆ. ಹೋಗೋದಕ್ಕೂ ಕೊಡೋದಕ್ಕೂ ವ್ಯತ್ಯಾಸ ಇಲ್ವಾ? ನಿಮ್ಮಪ್ಪ ಇದ್ದಿದ್ರೂ ಕೊಡ್ತಿದ್ರು. ನಂಗೆ ಸುಳ್ಳು ಹೇಳಿಲ್ಲ ಈ ಹುಡುಗಿ. ಬೇಡ ಅಂದ್ರೂ ಒಡೀತೀನಿ ಅಂತ ಮುಖಕ್ಕೇ ಹೇಳಿದ್ಲು. ಅಷ್ಟು ಧೈರ್ಯ ನಿನಗಿತ್ತಾ?"

ಉಬೈದ್ ಲೋಟ ತೆಗೆದುಕೊಂಡ. ಮಾತು ಹಿಂತೆಗೆದುಕೊಳ್ಳಲಿಲ್ಲ.

ಓಂಕಾರಮೂರ್ತಿಯವರು ಬಂದಿದ್ದು ಅದರ ಮಾರನೆಯ ದಿನ. ಒಡೆದ ಕೋಡಿ, ಕಳಚಿದ ಏರಿ, ಎರಡನ್ನೂ ಸುತ್ತಿ ನೋಡಿ ಆಫೀಸಿನಲ್ಲಿ ಬಂದು ಕೂತರು. ಕೆಟ್ಟ ಮನುಷ್ಯರಲ್ಲ. ಆದರೆ ತಂದೆಯ ಹೆಸರೆಂದರೆ ಅವರಿಗೆ ದೇವರ ಹೆಸರಿದ್ದ ಹಾಗೆ.

"ಜನ ಉಳಿದ್ರು, ದೊಡ್ಡ ಕೆಲಸ ಆಯ್ತು. ಅದನ್ನ ಇಲ್ಲ ಅನ್ನಲ್ಲ," ಎಂದರು. "ಆದ್ರೆ ಅಪ್ಪ ಕೊಟ್ಟ ಮಾತು ನಮ್ಮ ಕಾಲದಲ್ಲಿ ಮುರೀತು ಅನ್ನೋದು ನನಗೆ ತಡೆಯೋಕಾಗ್ತಿಲ್ಲ ಗಾನಶ್ರೀ."

ಅವಳು ಕಪಾಟಿನಿಂದ ಆ ಕಾಗದ ತೆಗೆದು ಮೇಜಿನ ಮೇಲಿಟ್ಟಳು. "ಮುರೀಲಿಲ್ಲ ಸರ್. ಹಮೀದಮ್ಮ ವಾಪಸ್ ಕೊಟ್ರು."

ಸಾಹುಕಾರರು ತಂದೆಯ ಸಹಿಯನ್ನು ಬಹಳ ಹೊತ್ತು ನೋಡಿದರು. ಆಗ ಗಾನಶ್ರೀ, ನಾಲ್ಕು ರಾತ್ರಿಗಳಿಂದ ತಲೆಯಲ್ಲಿ ಕೊರೆಯುತ್ತಿದ್ದುದನ್ನು ಹೇಳಿದಳು.

"ಒಂದು ಮಾತು ಹೇಳ್ಲಾ ಸರ್? ದೊಡ್ಡ ಸಾಹುಕಾರ್ರು ಈ ಮಾತು ಒಳ್ಳೆ ಮನಸ್ಸಿಂದಲೇ ಕೊಟ್ಟಿದ್ದು. ಮುಸ್ತಫಾ ಸಾಹೇಬರ ತೋಟದ ನೀರು ತಪ್ಪಿಸಿದ್ರು. ಆದ್ರೆ ಆ ನೀರೆಲ್ಲ ಲೈನಿನ ಮೇಲೆ ನಿಲ್ತು. ಆವತ್ತು ಆ ಹದಿನಾಲ್ಕು ಮನೆಯವರನ್ನ ಯಾರೂ ಕೇಳಿರ್ಲಿಲ್ಲ."

ಓಂಕಾರಮೂರ್ತಿಯವರು ತಲೆ ಎತ್ತಿ ಅವಳನ್ನು ನೋಡಿದರು. ಸಿಟ್ಟಾಗುತ್ತಾರೆಂದು ಅವಳು ಎಣಿಸಿದ್ದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹೌದಲ್ಲ," ಎಂದರು. ಆ ಕಾಗದವನ್ನು ಪಕ್ಕಕ್ಕೆ ಸರಿಸಿ, "ಇಪ್ಪತ್ತು ವರ್ಷ ನಂಗೂ ಇದು ಹೊಳೀಲಿಲ್ಲ ನೋಡು. ಈಗೇನು ಮಾಡೋದು ಹೇಳು," ಎಂದರು.

"ನನ್ನ ಕೇಳ್ಬೇಡಿ ಸರ್. ಅವರನ್ನ ಕರೆಸಿ."

ಭಾನುವಾರ ಕಾಫಿ ಒಣಗಿಸುವ ಕಣದಲ್ಲಿ ಎಲ್ಲರೂ ಸೇರಿದರು. ಲೈನಿನವರು ಒಂದು ಕಡೆ, ಹಮೀದಮ್ಮ ಮತ್ತು ಉಬೈದ್ ಒಂದು ಕಡೆ. ಸಾಹುಕಾರರ ಎದುರಿಗೆ ಇಪ್ಪತ್ತೆಂಟು ವರ್ಷದಲ್ಲಿ ಒಂದು ಮಾತೂ ಆಡಿರದ ರಾಮಮ್ಮ ಅವತ್ತು ಎದ್ದು ನಿಂತಳು.

"ಕೆರೆ ಬೇಡ ಅನ್ನಲ್ಲ ಸಾಹುಕಾರ್ರೇ. ಕೆರೆ ಇದ್ರೇ ನಮಗೂ ಕೆಲಸ. ಆದ್ರೆ ನಮ್ಮ ತಲೆ ಮೇಲೆ ಅಷ್ಟೆತ್ತರ ನೀರು ಬೇಡ. ಕೆಳಗೆ ಮಲಗೋರು ನಾವು."

ನಾಲ್ಕು ತಾಸಿನ ಮಾತಿನ ಮೇಲೆ ತೀರ್ಮಾನವಾಯಿತು. ಕೋಡಿಯ ಗೋಡೆ ಮೊದಲಿನ ಅರ್ಧದಷ್ಟು ಎತ್ತರಕ್ಕಷ್ಟೇ ಕಟ್ಟುವುದು. ಏರಿಯನ್ನು ಬುಡದಿಂದ ಹೊಸದಾಗಿ ಕಟ್ಟುವುದು. ಕೋಡಿಯಿಂದ ಬೇಲಿಯಂಚಿಗೆ ಕಲ್ಲಿನ ಕಾಲುವೆ ತೆಗೆದು, ಹಮೀದಮ್ಮನ ತೋಟಕ್ಕೆ ತಾಗದ ಹಾಗೆ ನೀರನ್ನು ಕೆಳಗಿನ ಹೊಳೆಗೆ ಸೇರಿಸುವುದು. ಬೇಸಿಗೆಯಲ್ಲಿ ಸಾಹುಕಾರರ ಹತ್ತಿಪ್ಪತ್ತು ಎಕರೆಗೆ ಹೂವಿನ ನೀರು ಸಾಲದೆ ಬರುತ್ತದೆ ಎಂದು ದಿಲೀಪ್ ಎಚ್ಚರಿಸಿದ. "ಬರ್ಲಿ," ಎಂದರು ಅವರು. ಹಮೀದಮ್ಮನ ನಷ್ಟ ತುಂಬಿಕೊಡುವುದನ್ನು ಯಾರೂ ಕೇಳುವ ಮೊದಲೇ ಅವರೇ ಒಪ್ಪಿದರು. ಹೊಸ ಕಾಗದಕ್ಕೆ ಸಾಹುಕಾರರು, ಹಮೀದಮ್ಮ ಸಹಿ ಹಾಕಿದರು. ಲೈನಿನ ಪರವಾಗಿ ರಾಮಮ್ಮ ಹೆಬ್ಬೆಟ್ಟು ಒತ್ತಿದಳು.

ಮುಂದೆ ನಡೆದದ್ದನ್ನು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಆ ನಂತರದ ಭಾನುವಾರ ಬೆಳಿಗ್ಗೆ ರಾಮಮ್ಮ ಬುಟ್ಟಿ ಹಿಡಿದು ಹಮೀದಮ್ಮನ ಅಂಗಳಕ್ಕೆ ಬಂದಳು, ಹಿಂದೆ ಲೈನಿನ ಇಪ್ಪತ್ತು ಜನ. ತೋಟದ ಮೇಲೆ ಕೂತ ಮರಳು, ಕಲ್ಲನ್ನು ಹೊತ್ತು ಹೊರಗೆ ಹಾಕಿದರು. ಹೀಗೆ ಒಂಬತ್ತು ಭಾನುವಾರ. ಸುದ್ದಿ ಹರಡಿ, ಹಿಂದೆ ಹಮೀದಮ್ಮನಿಂದ ಮೆಣಸಿನ ಬಳ್ಳಿ ಒಯ್ದಿದ್ದವರು, "ನಿಮ್ಮ ಬಳ್ಳೀದೇ ಕುಡಿ ಇದು," ಎಂದು ಕಂತೆ ಕಟ್ಟಿಕೊಂಡು ತಂದು ಕೊಟ್ಟರು. ಆಲ್ದೂರಿನ ಒಬ್ಬರಂತೂ ಜೀಪಿನ ತುಂಬ ತಂದರು. ಕಾಲುವೆಗೆ ಬೇಕಾದ ಕಲ್ಲನ್ನು ಉಬೈದನೇ ತನ್ನ ಲಾರಿಯಲ್ಲಿ ಸಾಗಿಸಿದ. ಗಾನಶ್ರೀಯ ಜೊತೆ ಅವನು ಈಗಲೂ ಹೆಚ್ಚು ಮಾತಾಡುವುದಿಲ್ಲ. ಆದರೆ ಕಲ್ಲು ಎಲ್ಲಿ ಇಳಿಸಬೇಕೆಂದು ಬೇರೆ ಯಾರನ್ನೂ ಕೇಳುತ್ತಿರಲಿಲ್ಲ.

ಆ ವರ್ಷ ಪತ್ರಿಕೆಯವರು, ಅಧಿಕಾರಿಗಳು ಬಂದು ಗಾನಶ್ರೀಯ ಫೋಟೋ ತೆಗೆದುಕೊಂಡು ಹೋದರು. ಚಿಕ್ಕಮಗಳೂರಿನ ಸಭೆಯೊಂದರಲ್ಲಿ ಅವಳಿಗೆ ಶಾಲು ಹೊದಿಸಿದರು. ನಾನೂ ಆ ಸಭೆಯಲ್ಲಿದ್ದೆ. ಮೈಕಿನ ಮುಂದೆ ಅವಳು ಎರಡೇ ಮಾತು ಆಡಿದಳು: "ನಾನು ಕೇಳಿದೆ. ಕೊಟ್ಟವರು ಹಮೀದುನ್ನೀಸಾ ಅಮ್ಮ, ಅವರು ಮೂರನೇ ಸಾಲಿನಲ್ಲಿ ಕೂತಿದ್ದಾರೆ." ಜನ ಎದ್ದು ನಿಂತು ಮೂರನೇ ಸಾಲಿನ ಕಡೆ ತಿರುಗಿದರು. ಹಮೀದಮ್ಮ ಸೆರಗು ಮುಖಕ್ಕೆಳೆದುಕೊಂಡು ಪಕ್ಕದಲ್ಲಿದ್ದ ಇರಮ್‌ಳನ್ನು ತಿವಿದರು.

ಜನವರಿಯಲ್ಲಿ ಕಾಫಿ ಕೊಯ್ಲಿನ ನಡುವೆ ಒಂದು ಮಧ್ಯಾಹ್ನ ಗಾನಶ್ರೀ ಹಮೀದಮ್ಮನ ಮನೆಗೆ ಹೋದಳು. ಹೊಸ ನರ್ಸರಿಗೆ ಬೀಜ ಬಿತ್ತುವ ಕಾಲ. ಹಮೀದಮ್ಮ ಮರಳಿನ ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೀಜ ಜೋಡಿಸುತ್ತಿದ್ದರು. ಗಾನಶ್ರೀಯೂ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿಯೇಬಿಟ್ಟಳು:

"ಅಮ್ಮ, ನಿಜ ಹೇಳಿ. ಅವತ್ತು ನಿಮಗೆ ಇಲ್ಲ ಅನ್ನೋಕೆ ಆಗ್ತಿತ್ತಾ?"

ಹಮೀದಮ್ಮ ಕೈ ನಿಲ್ಲಿಸಲಿಲ್ಲ. "ಇಲ್ಲ ಮಗಾ. ಉಬೈದ್ ಹೇಳಿದ್ದು ಸುಳ್ಳಲ್ಲ. ಎಂಟು ದಿನದ ಕೂಸು ಅಂದ್ಮೇಲೆ ಇನ್ನೇನು ಅನ್ಲಿ?" ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಸರಿದರು. "ಆದ್ರೆ ನೀನು ಕೇಳದೆ ಹೋಗಿದ್ರೆ ಲೈನಿನ ಜನ ನಂಗೆ ಇವತ್ತೂ ಬರೀ ಆಚೆ ಕಡೆಯವರೇ ಆಗಿರ್ತಿದ್ರು. ರಾಮಮ್ಮ ನಿನ್ನೆ ಬಂದು ನನ್ನ ಅಡುಗೆಮನೇಲಿ ಕೂತು ಎರಡು ಗಂಟೆ ಹರಟೆ ಹೊಡೆದು ಹೋದ್ಲು, ಗೊತ್ತಾ?"

ಗಾನಶ್ರೀಯ ಕಣ್ಣು ತುಂಬಿತು. ಅದನ್ನು ಮರೆಸಲು ಅವಳು ಬುಟ್ಟಿಯಿಂದ ಒಂದು ಹಿಡಿ ಬೀಜ ತೆಗೆದುಕೊಂಡು ಮರಳಿನ ಮೇಲೆ ಇಡತೊಡಗಿದಳು.

"ಹಂಗಲ್ಲ," ಎಂದರು ಹಮೀದಮ್ಮ, ಅವಳ ಕೈ ಹಿಡಿದು. "ಚಪ್ಪಟೆ ಮುಖ ಕೆಳಗೆ ಬರ್ಬೇಕು."